ಮೈಬಣ್ಣ

ಮಣಿಕಟ್ಟಿನ ಬಳಿ ಒಂದು ಚಕ್ಕೆ ಎದ್ದಿತ್ತು,
ಉಗುರಿನಷ್ಟು. ಅದರಡಿ ಸುಣ್ಣದ ಬಿಳುಪು.
ಹಳೇ ಪಂಚೆಯಲ್ಲಿ ಸುತ್ತಿ, ತರಕಾರಿ ಚೀಲದಲ್ಲಿಟ್ಟು,
ಮೇಲೊಂದು ಕಟ್ಟು ಮೆಂತ್ಯ ಹೊದಿಸಿ
ಸಿಟಿ ಬಸ್ಸಿನಲ್ಲಿ ಹೊರಟೆ, ಕುಂಬಾರಕೊಪ್ಪಲಿಗೆ.

ಇವಳು ಹನ್ನೆರಡರಲ್ಲಿ ಏಳನೆಯವಳು.
ಅಂಗಾಲಿನಲ್ಲಿ ಪೆನ್ಸಿಲಿನಿಂದ ಬರೆದಿದೆ.
ಹನ್ನೆರಡಾದ ಮೇಲೆ ಮಾಡಿದಾಕೆ ಅಚ್ಚು ಒಡೆದಳಂತೆ.
ಉಳಿದ ಹನ್ನೊಂದು ಮಂದಿ
ಯಾವ ಯಾವ ಊರಿಗೆ ಕೊಟ್ಟ ಹೆಣ್ಣುಗಳೋ,
ತವರು ಒಂದೇ, ಕಾಗದವಿಲ್ಲ, ಪತ್ರವಿಲ್ಲ.
ನನ್ನ ಎರಡು ವರ್ಷದ ಬೋನಸ್ಸು ಇವಳಿಗೇ ಹೋಯಿತು.
ಪಾರ್ಸೆಲ್ ಹಿಡಿದು ಬಂದ ಅಂಚೆಯವನು
"ಔಷಧಾನಾ ಮೇಡಂ?" ಎಂದಿದ್ದ.
ಹೌದು ಎಂದಿದ್ದೆ.

ಮನೆಯಲ್ಲಿ ಇಪ್ಪತ್ತಮೂರು ಜನ ಇದ್ದಾರೆ,
ಬೀರುವಿನ ಮೇಲಿನ ಖಾನೆ, ನುಸಿಗುಳಿಗೆ ವಾಸನೆ.
ಕೌದಿಯ ಚೂರುಗಳಲ್ಲಿ ಹೊಲಿದವಳು ಒಬ್ಬಳು.
ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸು ಅನ್ನಾಬಾಯಿ
ಮೇಳದಲ್ಲಿ ಅವಳನ್ನು ಕೊಡುವಾಗ ಹೇಳಿದ್ದು:
"ಕಣ್ಣು ನೀವೇ ಇಡಿ, ನಂಗೆ ಕನ್ನಡಕ ಇಲ್ಲ."
ಹತ್ತು ವರ್ಷವಾಯಿತು, ಧೈರ್ಯ ಬಂದಿಲ್ಲ.
ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದ ತಾಂಜಾನಿಯಾದ ನೀಮಾ
ಎಂ.ಎಸ್ಸಿ. ಮುಗಿಸಿ ಹೋಗುವಾಗ
ತನ್ನದೇ ಕೂದಲ ಎಳೆ ಸೇರಿಸಿ
ಹದಿನಾರು ಜಡೆ ಹೆಣೆದು ಕೊಟ್ಟವಳು ಇನ್ನೊಬ್ಬಳು.
ಬಿಚ್ಚಬಾರದು ಎಂದಿದ್ದಳು. ಬಿಚ್ಚಿಲ್ಲ.

ದಸರೆಗೆ ಪಟ್ಟದ ಗೊಂಬೆಗಳ ಜೊತೆ ಇವರನ್ನೂ ಕೂರಿಸುತ್ತೇನೆ.
ಮಕ್ಕಳು ಬೊಂಬೆ ಬಾಗಿನದ ಕೊಬ್ಬರಿಮಿಠಾಯಿಗೆ ಕೈಯೊಡ್ಡುತ್ತವೆ.
ದೊಡ್ಡವರು ಬಗ್ಗಿ ನೋಡಿ
"ಕಪ್ಪಾದರೂ ಲಕ್ಷಣವಾಗಿವೆ" ಅನ್ನುತ್ತಾರೆ.
ಆ "ಆದರೂ" ನನಗೆ ಗೊತ್ತು.
ನನ್ನ ಜಾತಕದ ಜೊತೆ ಅದೂ ಮನೆಮನೆಗೆ ಹೋಗಿ,
ಉಪ್ಪಿಟ್ಟು ತಿಂದು, ಕೈ ತೊಳೆದು,
ವಾಪಸು ಬಂದಿದೆ.

ಗುರುಸಿದ್ದಶೆಟ್ಟರು ಪಂಚೆ ಬಿಡಿಸಿ ಬೆಳಕಿಗೆ ಹಿಡಿದರು.
ಹೆಬ್ಬೆರಳಲ್ಲಿ ಅವಳ ಮೂಗು ಸವರಿ
"ಮೈಗಳ್ಳರ ಕೆಲಸ ಅಲ್ಲ ಇದು" ಎಂದರು.
ಕಪಾಟಿನಿಂದ ಡಬ್ಬಿ ತೆಗೆದರು. ಮೇಲೆ ಬರೆದಿತ್ತು: ಮೈಬಣ್ಣ.
ಮುಚ್ಚಳ ತೆಗೆದರೆ
ಹಾಲಿಗೆ ಚಿಟಿಕೆ ಕುಂಕುಮ ಬಿದ್ದ ಹಾಗೆ.
ಯಾರ ಮೈ, ಎಂದೆ.
ನನ್ನ ಕೈ ನೋಡಿದರು, ತಮ್ಮ ಕೈ ನೋಡಿಕೊಂಡರು.
"ನಮ್ಮಪ್ಪನ ಕಾಲದಿಂದ ಹಿಂಗೇ ಬರ್ದಿರೋದು."

ಕಪ್ಪಿನ ಡಬ್ಬಿಯೂ ಇತ್ತು:
ಹುಬ್ಬಿಗೆ, ಮೀಸೆಗೆ, ರಾಕ್ಷಸರಿಗೆ.
ಹಚ್ಚಿದರೆ ಡಾಂಬರು ಮೆತ್ತಿದಂತಾಯಿತು. ಒರೆಸಿದೆವು.

ಮೂವತ್ತೊಂದು ವರ್ಷ ರೇಷ್ಮೆ ಕಾರ್ಖಾನೆಯ
ಬಣ್ಣದ ಮನೆಯಲ್ಲಿ ದುಡಿದವಳು ನಾನು.
ಕಪ್ಪು ಒಂದೇ ಮುಳುಗಿಗೆ ಬರುವುದಿಲ್ಲ.
ಮೊದಲು ಕೆಂಪು ಕುಡಿಸಬೇಕು, ಆಮೇಲೆ ನೀಲಿ,
ಹಬೆಯಲ್ಲಿ ನಿಂತು ಕಾಯಬೇಕು,
ಅವಸರಪಟ್ಟರೆ ಬೂದಿ.
ಸ್ಟೂಲು ಎಳೆದು ಕೂತೆ.
ಇಟ್ಟಿಗೆಗೆಂಪು, ಒಂದಿಷ್ಟು ಹಳದಿ, ಕಡ್ಡಿತುದಿಯಲ್ಲಿ ನೀಲಿ,
ಚಿಪ್ಪಿನಲ್ಲಿ ಕಲಸಿ ನನ್ನ ಮುಂಗೈಗೆ ಇಟ್ಟು ನೋಡುತ್ತ ಹೋದೆವು.
ಐದನೆಯದೋ ಆರನೆಯದೋ ಬೊಟ್ಟು
ಎಲ್ಲಿಟ್ಟೆವೆಂದು ಇಬ್ಬರಿಗೂ ಸಿಗಲಿಲ್ಲ.
ಅವಳಿಗೆ ಇನ್ನೂ ಒಂದು ಹನಿ ನೀಲಿ ಬೇಕಾಯಿತು,
ನನಗಿಂತ ಆಳ ಅವಳು.

ಮಿಕ್ಕದ್ದನ್ನು ಖಾಲಿ ಜಾಮೂನು ಡಬ್ಬಿಗೆ ಸುರಿದರು.
ನಾನು ಚಿಲ್ಲರೆ ಎಣಿಸಿ ತಲೆ ಎತ್ತುವಷ್ಟರಲ್ಲಿ
ಮುಚ್ಚಳದ ಮೇಲೆ ಬರೆದಾಗಿತ್ತು: ಮೈಬಣ್ಣ.
"ಎರಡಕ್ಕೂ ಒಂದೇ ಹೆಸರಾದ್ರೆ
ಗೊತ್ತಾಗೋದು ಹೆಂಗೆ ಶೆಟ್ಟರೇ?"
"ತೆಗೆದು ನೋಡೋದು" ಎಂದರು.

ಬಣ್ಣ ಇನ್ನೂ ಹಸಿ. ಪಂಚೆ ಸುತ್ತುವಂತಿಲ್ಲ.
ತೊಡೆಯ ಮೇಲೆ ಕೂರಿಸಿಕೊಂಡು
ಗಾಳಿಗೆ ಅವಳ ಕೈಯನ್ನು ಬಸ್ಸಿನ ಕಿಟಕಿಗೆ ಹಿಡಿದೆ.
ಹೊರಗಿನವರಿಗೆ ಯಾರದೋ ಮಗು ಕೈ ಬೀಸಿದಂತೆ ಕಂಡಿರಬೇಕು.
ಸಿಗ್ನಲಿನಲ್ಲಿ, ಸ್ಕೂಟರಿನ ಹಿಂದೆ ಕೂತ ಹೆಂಗಸೊಬ್ಬಳು
ಕೊತ್ತಂಬರಿ ಹಿಡಿದ ಕೈಯನ್ನೇ ಎತ್ತಿ
ವಾಪಸು ಬೀಸಿದಳು.