ಎದೆಯ ಅಳತೆ

ಶನಿವಾರದ ಸೌನಾದಲ್ಲಿ ಕಣ್ಣಿಗೆ ಬಿತ್ತು:
ಹಿಲ್ಯಾಳ ಕೊರಳೆಲುಬಿನ ಕೆಳಗೆ
ಬ್ಲೂಬೆರಿ ತಿಂದ ನಾಲಗೆಯ ಬಣ್ಣದ ಕಲೆ,
ತೋಳಿನ ಒಳಮಗ್ಗುಲಲ್ಲಿ ಇನ್ನೊಂದು, ಹಳೆಯದು,
ಅಂಚು ಹಳದಿಗೆ ತಿರುಗಿದ್ದು.
"ನೋಯುತ್ತಾ?" ಅಂದೆ.
ಕಾದ ಕಲ್ಲಿಗೆ ನೀರು ಎರಚಿ
ಆವಿಯ ಹಿಂದೆ ಮರೆಯಾದಳು.

ಚಿಕ್ಕಪ್ಪನ ಮಗ ಐಸ್ ಹಾಕಿ ಬಿಟ್ಟಾಗ ಕೊಟ್ಟ ಕವಚ,
ಎರಡು ಚಳಿಗಾಲ ಇವಳನ್ನೂ ಕಾಯಿತು.
ಈಗ ಕೈ ಎತ್ತಿದರೆ
ಹೊಟ್ಟೆ ಒಂದು ಕಡೆ, ಕವಚ ಒಂದು ಕಡೆ,
ನಡುವೆ ನಾಲ್ಕು ಬೆರಳು ಬಯಲು.
ಗುರಿಯಿಟ್ಟು ಹೊಡೆದದ್ದಕ್ಕಿಂತ
ಗುರಿ ತಪ್ಪಿದ ಬಿಲ್ಲೆಯೇ
ಆ ಬಯಲನ್ನು ಹುಡುಕಿಕೊಂಡು ಬರುತ್ತದಂತೆ.

ಕಾಯಾನಿ ಪೇಟೆಗೆ ಎಪ್ಪತ್ತು ಕಿಲೋಮೀಟರ್.
ಬೆಳಗಿನ ಜಾವ ನಾನೇ ಲಾರಿಯಲ್ಲಿ ಹಿಮ ಬಳಿದ ದಾರಿ,
ಹತ್ತು ಗಂಟೆಗೆ ಮತ್ತೆ ಬೆಳ್ಳಗೆ.

ಅಂಗಡಿಯ ಮುದುಕ ಕೆಂಪ್ಪೈನೆನ್
ನಾನು ಬೆಲೆ ಕೇಳುವ ಮೊದಲೇ
ಅವಳಿಗೆ "ಮಂಡಿಯೂರು" ಅಂದ.
"ಗೋಲ್‌ಕೀಪರ್ ಕನ್ನಡಿ ಮುಂದೆ ನಿಂತು ಆಡುವುದಿಲ್ಲ.
ನಿಂತಾಗ ಒಪ್ಪುವುದೆಲ್ಲ
ಮಂಡಿಯೂರಿದಾಗ ಬಣ್ಣ ಬಯಲು."

ನಾನು ಒಂದಳತೆ ದೊಡ್ಡದನ್ನೇ ಆರಿಸಿದ್ದೆ.
ಹದಿಮೂರರ ಹುಡುಗಿ;
ಬೂಟು, ಕೋಟು ಎಲ್ಲ ಹಾಗೇ ಕೊಂಡವಳು ನಾನು,
ಬರುವ ವರ್ಷದ ಮೈಗೆ.
ಮಂಡಿಯೂರಿದಳು. ಕವಚ ಮೇಲೆ ಜರುಗಿ
ಗಲ್ಲ ಮುಟ್ಟಿತು, ಬಾಯಿ ಮುಚ್ಚಿತು,
ಕಾಲ ಬಳಿ ಇಟ್ಟ ಬಿಲ್ಲೆ ಅವಳಿಗೆ ಕಾಣಲೇ ಇಲ್ಲ.
"ಬರುವ ವರ್ಷ ಬೆಳೆದಾಳು," ಮುದುಕ ಅಂದ,
"ಬಿಲ್ಲೆ ಬರುವುದು ಈ ಗುರುವಾರ."

ಇನ್ನೊಂದು ಹಗುರ, ಹತ್ತಿಯ ದಿಂಬು.
ಮತ್ತೊಂದು ಹಲಗೆ: ಬೆರಳು ಮಡಿಸಿ ಬಡಿದರೆ ಠಣ್,
ತೋಳು ಮಡಿಸಿದರೆ ಮೊಣಕೈ ಹೊರಗೆ.
ಆಮೇಲಿನದಕ್ಕೆ ಎಲ್ಲೆಲ್ಲೂ ಪಟ್ಟಿ;
ಬಿಗಿದು, ಸಡಿಲಿಸಿ, ಚಡ್ಡಿಯೊಳಗೆ ತುರುಕಿ, ಹೊರಗೆಳೆದು,
ಮುದುಕ ಉಸ್ಸೆಂದು ಹಿಂದೆ ಸರಿದ.
ಹಿಲ್ಯಾ ತೋಳೆರಡನ್ನೂ ಮುಂದೆ ತಂದಳು,
ತನ್ನನ್ನೇ ತಬ್ಬಿಕೊಳ್ಳುವವಳ ಹಾಗೆ.
ಮೊಣಕೈಗೆ ಮೊಣಕೈ ಮುಟ್ಟಿತು.

ಆಗ ಅವನು ಮೇಜಿನ ಮೇಲಿಂದ ಬಿಲ್ಲೆ ತೆಗೆದು
ನನ್ನ ಅಂಗೈಯಲ್ಲಿಟ್ಟ. "ಎಸಿ."
ಎಲ್ಲಿಗೆ?
"ಅವಳ ಎದೆಗೆ."

ಮೊದಲನೆಯದು ಎಸೆತವೇ ಅಲ್ಲ, ಕೈಗೆ ಕೊಟ್ಟಂತಿತ್ತು.
ಎರಡನೆಯದಕ್ಕೆ ನಕ್ಕಳು. "ಅಮ್ಮಾ, ಗಟ್ಟಿಯಾಗಿ."
ಹನ್ನೊಂದು ವರ್ಷ ಲಾರಿಯ ಗೇರು ಎಳೆದ ಕೈ.
ಮೂರನೆಯದನ್ನು ಕಣ್ಣು ಮುಚ್ಚಿ ಎಸೆದೆ.

ಧಪ್.

ಅಷ್ಟೇ. ಪುಟಿಯಲಿಲ್ಲ, ಹಾರಲಿಲ್ಲ,
ಮಂಡಿಗಳ ನಡುವೆ ಬಿದ್ದು ಸುಮ್ಮನಾಯಿತು.
"ಕೇಳಿಸಿತಾ? ಠಣ್ ಅನ್ನುವ ಎದೆ
ಬಂದದ್ದನ್ನು ಮತ್ತೆ ಎದುರಾಳಿಯ ಕೋಲಿಗೇ ಒಪ್ಪಿಸುತ್ತದೆ.
ಇದು ನೋಡು, ಹೊಟ್ಟೆಗೆ ಹಾಕಿಕೊಂಡಿತು."

ನಾನೂ ಹೊಟ್ಟೆಗೆ ಹಾಕಿಕೊಂಡದ್ದು ಬೇಕಾದಷ್ಟಿದೆ.
ಯಾವುದೂ ಹೀಗೆ ಕಾಲ ಬಳಿ ಬಿದ್ದು
ಸುಮ್ಮನಾದ ನೆನಪಿಲ್ಲ.

ಬೆಲೆ: ಆರು ರಾತ್ರಿಪಾಳಿ.
ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ
ಅರ್ಧ ಪಾಳಿ ತಾನೇ ಬಿಟ್ಟ,
ನನ್ನ ಎಸೆತದ ಕೂಲಿ ಎಂದು.

ಹಿಲ್ಯಾ ಬಿಚ್ಚಲು ಒಪ್ಪಲಿಲ್ಲ.
ಕಾರಿನಲ್ಲಿ ಹಾಗೇ ಕೂತಳು, ಸೀಟು ತುಂಬ,
ಒಂದು ತೋಳು ಬಾಗಿಲಿಗೆ, ಒಂದು ನನ್ನ ಭುಜಕ್ಕೆ.
ಸೀಟ್ ಬೆಲ್ಟು ಸಾಲದು.
ಉಸಿರು ಬಿಡು ಅಂದೆ, ಬಿಟ್ಟಳು,
ಇದ್ದಷ್ಟೂ ಎಳೆದೆ, ಇನ್ನೊಂದು ಬೆರಳು,
ಕ್ಲಿಕ್.

ಮನೆ ಸೇರುವವರೆಗೂ
ನಲವತ್ತು ದಾಟಿಸಲಿಲ್ಲ ಗಾಡಿಯನ್ನು.