ಎಡಗೈ ಕಿರುಬೆರಳು

ಇರುಳಿನ ಕೆಲಸ ನನ್ನದು. ರಕ್ತನಿಧಿಯಲ್ಲಿ
ಬೆರಳು ಚುಚ್ಚುವುದು. ಉಂಗುರದ ಬೆರಳು, ಎಡಗೈಯದು,
ನಟ್ಟನಡುವೆ ಅಲ್ಲ, ಸ್ವಲ್ಪ ಬದಿಗೆ; ಅಲ್ಲಿ ನೋವು ಕಡಿಮೆ.
ಹದಿನಾರು ವರ್ಷದಲ್ಲಿ ಎಷ್ಟು ಬೆರಳು ಹಿಡಿದೆನೋ,
ಒಂದರ ಗೆರೆಯನ್ನೂ ನೋಡಿದ್ದಿಲ್ಲ.

ಬೆಳಿಗ್ಗೆ ಏಳಕ್ಕೆ ವಿನೋಬನಗರದ ಮೆಟ್ಟಿಲು ಹತ್ತಿ
ಬ್ಯಾಗಿನ ತಳದಲ್ಲಿ ಕೀ ತಡಕುವುದು:
ಟಿಫನ್ ಡಬ್ಬಿ, ಛತ್ರಿ, ಪೆನ್ನಿನ ಮುಚ್ಚಳ,
ಕೊನೆಗೊಂದು ಕೀ, ಅದೂ ಆಸ್ಪತ್ರೆಯ ಬೀರುವಿನದು.
ಒಳಗೆ ಮಗಳ ನಿದ್ದೆ. ಬೆಲ್ ಒತ್ತಲು ಮನಸ್ಸಿಲ್ಲ.
ಅವನಂತೂ ಮೂರಕ್ಕೇ ಬೇಕರಿಗೆ ಹೊರಟಿರುತ್ತಾನೆ.

"ಕದಿಯೋಕೆ ಏನಿದೆ ನಮ್ಮನೇಲಿ?" ಅಂದ ನಾಗಭೂಷಣ.
"ಹಳೇ ಮಿಕ್ಸಿ" ಅಂದಳು ಮಗಳು.
ಆದರೂ ಹೋದೆವು, ನೆಹರೂ ರಸ್ತೆಯ ಅಂಗಡಿಗೆ.
ಬಾಗಿಲೇ ಇಲ್ಲದ ಬೀಗಗಳು ಗಾಜಿನ ಮೇಲೆ ಸಾಲಾಗಿ ನಿಂತು
ಅಂಗೈಯಗಲದ ಹಲಗೆ ತುಂಡುಗಳನ್ನು ಕಾಯುತ್ತಿದ್ದವು.
ಒಂದಕ್ಕೆ ಮುಖ ತೋರಿಸಿದರೆ ಸಾಕಂತೆ. ಪಾಳಿ ಮುಗಿಸಿದ ಮುಖ
ನನಗೇ ಗುರುತು ಸಿಗುವುದಿಲ್ಲ; ಬೇಡ ಅಂದೆ.
ಕೊನೆಗೆ ಆರಿಸಿದ್ದು ಬೆರಳಿಗೂ ಅಂಕಿಗೂ ಒಲಿಯುವಂಥದ್ದು,
ನಾಲ್ಕು ಸೆಲ್ಲಿನದು, ವೈಫೈ ಇದ್ದರೆ ಸುದ್ದಿ ಕಳಿಸುವಂಥದ್ದು.
ಅಡಿಯಲ್ಲೊಂದು ಕೀ ತೂತು,
ಎಲ್ಲ ಕೈಕೊಟ್ಟ ದಿನಕ್ಕೆ.

"ನೂರು ಬೆರಳು ಸೇರಿಸಬಹುದು, ಮೇಡಂ" ಅಂದ ಹುಡುಗ.
ನೂರು! ಮನೆಯವರೆಗೂ ಎಣಿಸಿದೆ.
ನಾವು ಮೂವರು, ಮೂವತ್ತಕ್ಕೇ ಮುಗಿಯಿತು.
ಉಳಿದ ಎಪ್ಪತ್ತು ಬೆರಳಿನಷ್ಟು ನಂಬಿಕೆ ಎಲ್ಲಿಂದ ತರಲಿ?

ಮೌನೇಶಾಚಾರ್ರು ಬಂದರು. ಹೊನ್ನೆಯ ಬಾಗಿಲು ಬಡಿದು ನೋಡಿ
"ಇದು ಸುಮ್ಮನೆ ದಾರಿ ಬಿಡೋ ಮರ ಅಲ್ಲ" ಅಂದರು.
ಎರಡು ಡ್ರಿಲ್ ಬಿಟ್ಟು ಮುರಿದು, ಹೊಸ್ತಿಲ ತುಂಬ
ಅರಿಸಿನದಂಥ ಪುಡಿ. ಬಾಗಿಲ ದಪ್ಪಕ್ಕೆ ಸ್ಕ್ರೂ ಸಾಲದೆ
ಗಾಂಧಿಬಜಾರಿಗೆ ಎರಡು ಸಲ.
ಸಂಜೆಗೆ ಕೂತಿತು, ಕಪ್ಪಗೆ, ಹೊಸ ಅಳಿಯನ ಹಾಗೆ,
ಮಾತಿಗೊಮ್ಮೆ ಇಂಗ್ಲಿಷು.

ನನ್ನ ಹೆಬ್ಬೆರಳು ಒಂದೇ ಸಲಕ್ಕೆ. ಮಗಳದ್ದೂ.
ದುಡ್ಡು ಕೊಟ್ಟವನಿಗೆ ಮಾತ್ರ ಕೆಂಪು ದೀಪ.
ಪಂಚೆಗೆ ಒರೆಸಿಕೊಂಡ, ಸೋಪು ಹಾಕಿ ತೊಳೆದ, ಉಫ್ ಎಂದು ಊದಿದ,
"ನಾನು ಈ ಮನೆಯವನೇ ಕಣೋ" ಎಂದು ಬೀಗಕ್ಕೆ ಹೇಳಿದ.
ಕೆಂಪು.
ಇಪ್ಪತ್ತು ವರ್ಷ ಕಾದ ತಟ್ಟೆ ಎಳೆದ ಕೈ,
ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು;
ಗೆರೆಗಳೆಲ್ಲ ಒಲೆಗೆ ಹೋಗಿವೆ.
ಟ್ಯೂಬ್‌ಲೈಟಿನ ಕೆಳಗೆ ಅವನ ಕೈ ತಿರುಗಿಸಿ ಓದಿದೆ
ಮೊದಲ ಸಲ, ಒಂದೊಂದಾಗಿ:
ಬೋಳು, ಬೋಳು, ಸುಟ್ಟ ಕಲೆ, ಬೋಳು.
ಒಂಬತ್ತು ಮುಗಿದು ಉಳಿದದ್ದು ಎಡಗೈ ಕಿರುಬೆರಳು,
ತಟ್ಟೆ ಹಿಡಿಯುವಾಗ ದೂರ ನಿಲ್ಲುವ ಸೋಮಾರಿ,
ಶಾಲೆಯಲ್ಲಿ ಟೂ ಬಿಡಲಷ್ಟೇ ಬಳಸಿದ್ದು.

ಹಸಿರು.

ಮರುದಿನ ಎದುರುಮನೆಯ ಶಮೀಮಕ್ಕ ಬಂದು
ಹನ್ನೊಂದು ವರ್ಷ ಅವರ ಸಕ್ಕರೆ ಡಬ್ಬದ ಹಿಂದಿದ್ದ ನಮ್ಮ ಕೀ
ಟೇಬಲ್ಲಿನ ಮೇಲಿಟ್ಟರು. "ಇನ್ನು ಇದು ಯಾಕೆ."
ಕೂರಲಿಲ್ಲ.
ಕೈ ಹಿಡಿದು ಬಾಗಿಲಿಗೆ ಎಳೆದೆ. ಮದರಂಗಿ ಮಾಸಿದ ಹೆಬ್ಬೆರಳು
ಒತ್ತಿ, ತೆಗೆದು, ಮತ್ತೆ ಒತ್ತಿ. ಬಳಕೆದಾರ ನಾಲ್ಕು.
ಆಮೇಲೆ ಕೂತರು, ಟೀಗೆ ಸಕ್ಕರೆ ಕಡಿಮೆ ಅಂದರು.

ಈಗ ಇರುಳೆಲ್ಲ ನನ್ನ ಫೋನಿಗೆ ಬಾಗಿಲಿನ ಸುದ್ದಿ.
ಹೊರಗೆ ಹೋದವರ ಲೆಕ್ಕ ಅದು ಇಡುವುದಿಲ್ಲ,
ಒಳಗೆ ಬಂದವರದು ಮಾತ್ರ.
ನಿನ್ನೆ ಮೂರೂ ಒಂಬತ್ತಕ್ಕೆ: ಬಳಕೆದಾರ ಮೂರು.
ಈಗತಾನೇ ಹೊರಟವನು ಮರಳಿದ್ದೇಕೆ?
ಕನ್ನಡಕ? ಗ್ಯಾಸು? ಎದೆನೋವು?
ಎದುರಿಗೆ ಅಪಘಾತದ ಕೇಸಿನ ಅಣ್ಣ, ರಕ್ತ ಕೊಡಲು ಬಂದವನು;
ಅವನ ಬೆರಳು ಚುಚ್ಚದೆ ಹಿಡಿದೇ ಇದ್ದೆ.

ಬೆಳಿಗ್ಗೆ ನೇರ ಬೇಕರಿಗೇ ಹೋಗಿ ಕೇಳಿದೆ.
ಹಿಟ್ಟು ಮೆತ್ತಿದ ಕೈ ಬೆನ್ನ ಹಿಂದೆ ಸರಿಸಿದ.
"ಏನಿಲ್ಲ ಮಾರಾಯ್ತಿ,
ಹಿಡಿಯುತ್ತಾ ಅಂತ ನೋಡಿದೆ, ಅಷ್ಟೇ."