ಸಂದರ್ಭ ಸಹಿತ ವಿವರಿಸಿ

ಇಲ್ಲಿ ಮಣ್ಣಿನ ಪ್ರತಿ ಪದರಕ್ಕೂ ಒಂದು ನಂಬರು,
ಪ್ರತಿ ನಂಬರಿಗೂ ಒಂದು ಹಾಳೆ.
ಹಾಳೆಯ ನೆತ್ತಿಗೆ ಅಚ್ಚಾದ ಇಂಗ್ಲಿಷ್ ಪದಕ್ಕೆ
ನನ್ನಲ್ಲಿರುವುದು ಒಂದೇ ಅರ್ಥ: ಸಂದರ್ಭ.
ಏಳನೇ ಇಯತ್ತೆಯ ಕನ್ನಡ ಪೇಪರಿನಲ್ಲಿ
ಮೂರು ಅಂಕಕ್ಕೆ ಬರುತ್ತಿದ್ದ ಪ್ರಶ್ನೆ
ಯಾರ್ಕಿನಾಚೆಯ ಈ ಗೋಧಿ ಹೊಲದವರೆಗೂ
ಬೆನ್ನು ಹತ್ತಿ ಬಂತಲ್ಲ ಅಂತ ನಕ್ಕೆ.

ಜೂನ್. ಒಂದು ವರ್ಷದ ಎಂ.ಎ.ಯಲ್ಲಿ ಆರು ವಾರ ಬಯಲು.
ಮೊಣಕಾಲಡಿ ರಬ್ಬರ್ ಮಣೆ, ಕೈಯಲ್ಲಿ ನಾಲ್ಕಿಂಚಿನ ಕರಣಿ.
ಅಗೆಯಬೇಡ, ಅನ್ನುತ್ತಾಳೆ ಬೆಥ್,
ನಿನ್ನ ಕಡೆಗೆ ಎಳೆದುಕೊ, ಮೆಲ್ಲಗೆ.
ಅವಳ ಇಂಗ್ಲಿಷು ನನ್ನ ತಲೆಯೊಳಗೆ ಇಳಿದದ್ದು
ಒಂದೇ ಮಾತಾಗಿ: ಕೆರೆ.
ನಮ್ಮ ಓಣಿ ಪೂರಾ ಮೂರು ತಲೆಮಾರು
ತೋಡಿದ್ದು ಅದನ್ನೇ.

ಸರ್ಟಿಫಿಕೇಟಿನಲ್ಲಿ ಭೋವಿ, ಊರ ಬಾಯಲ್ಲಿ ಒಡ್ಡರು.
ಮುತ್ಯಾ ದುರುಗಪ್ಪ ಸಲಿಕೆ ಊರಿ ನಿಂತು
ಮಣ್ಣು ಚಿವುಟಿ ನಾಲಿಗೆಗೆ ಹಚ್ಚಿ
ಹನ್ನೆರಡು ಮೊಳಕ್ಕೆ ನೀರು ಅಂದರೆ ಹನ್ನೆರಡಕ್ಕೇ.
ಒಂದು ಸಲ ತಪ್ಪಿದ್ದ.
ಆ ಬಾವಿಯ ಕೂಲಿ ಕೊನೆಗೂ ಸಿಗಲಿಲ್ಲ.

ಇಲ್ಲಿ ಅದಕ್ಕೊಂದು ಬಣ್ಣದ ಪುಸ್ತಕ.
ಮಣ್ಣಿಗೆ ಎಂಜಲು ಹಚ್ಚಿ ಹುರಿ ಹೊಸೆ,
ಉಂಗುರ ಬಗ್ಗಿಸು, ಒಡೆಯದಿದ್ದರೆ ಜೇಡಿ.
ಎಂಜಲು!
ಎಂಜಲೂ ಪಠ್ಯದಲ್ಲಿದೆ ಇಲ್ಲಿ.
ಬರೆಯುತ್ತೇನೆ: ಹತ್ತು ವೈಆರ್, ನಾಲ್ಕು, ಮೂರು. ಕಂದು.
ಎರೆ, ಮಸಾರಿ, ಗರಸು, ಸವುಳು,
ಇವಕ್ಕೆ ಆ ಪುಸ್ತಕದಲ್ಲಿ ಪುಟವಿಲ್ಲ.

ಬುಧವಾರ ಉದ್ಯೋಗದ ಮಾತು.
ಕಂಪನಿಯಿಂದ ಬಂದಾಕೆ, ಹಳದಿ ಜಾಕೀಟು, ಥರ್ಮಾಸು:
ಗೋದಾಮು ಏಳುವ ಮುನ್ನ, ರಸ್ತೆ ಹಾಯುವ ಮುನ್ನ
ಮೂರು ತಿಂಗಳ ಕರಾರು, ಮತ್ತೊಂದು ಊರು, ಮತ್ತೆ ಮೂರು.
ನಲವತ್ತಕ್ಕೆ ಮೊಣಕಾಲು ಕೈಕೊಡುತ್ತವೆ.
ವೀಸಾದ ಬಗ್ಗೆ ಕೇಳಿದೆ.
ಆಕೆ ಚಹಾದ ಕಪ್ಪಿನೊಳಗೆ ನೋಡಿಕೊಂಡಳು.
ಇಂಥ ಬದುಕಿಗೆ ನಿಮ್ಮಲ್ಲಿ ಹೆಸರಿದೆಯಾ, ಕ್ಯಾಲಮ್ ಕೇಳಿದ.
ಗುಳೆ, ಅಂದೆ.
ಚಂದದ ಪದ, ಅಂದ.

ಗುಂಡಿಯ ನಡುವೆ ಅಗೆಯದೆ ಬಿಟ್ಟ ಒಂದು ಮಣ್ಣಗೋಡೆ,
ಪದರ ಓದಲಿಕ್ಕೆ.
ನಮ್ಮವರು ಅದನ್ನು ಸಾಕ್ಷಿ ಅನ್ನುತ್ತಿದ್ದರು.
ತೋಡಿದ ಕೆರೆಯ ನಟ್ಟನಡುವೆ
ಹುಲ್ಲಿನ ಟೋಪಿ ಹೊತ್ತ ಒಂಟಿ ದಿಂಡು.
ಇಂಜಿನಿಯರ್ ಬಂದು ಟೇಪು ಹಿಡಿದು
ಇಷ್ಟು ಆಳ, ಇಷ್ಟು ಮಣ್ಣು, ಇಷ್ಟು ಕೂಲಿ
ಅಂತ ಬರೆದುಕೊಳ್ಳುವವರೆಗೆ
ಆಯಿ ಹುಲಿಗೆವ್ವ ಅದರ ಬುಡದಲ್ಲೇ ಮಲಗುತ್ತಿದ್ದಳು,
ರಾತ್ರಿ ಯಾರೂ ಅದರ ತಲೆ ಕೆತ್ತದಂತೆ.
ಅಳತೆ ಮುಗಿದ ದಿನ ಅದನ್ನೂ ಒಡೆದು ಹೊತ್ತರು.

ನಿನ್ನೆ ಕಂದಕದ ತಳ ಸಿಕ್ಕಿತು.
ನಾಣ್ಯವಿಲ್ಲ, ಮೂಳೆಯಿಲ್ಲ, ಗಡಿಗೆಯ ಚೂರೂ ಇಲ್ಲ.
ಜೇಡಿಯ ಮೈಮೇಲೆ ಸಲಿಕೆ ಕಚ್ಚಿದ ಗುರುತು,
ಓರೆಯಾಗಿ, ಒಂದರ ಪಕ್ಕ ಒಂದು, ಹದಿನೇಳು.
ಹದಿನೆಂಟನೆಯದು ಅರ್ಧಕ್ಕೆ ನಿಂತಿದೆ.
ಊಟಕ್ಕೆ ಕರೆದರೋ, ಕತ್ತಲಾಯಿತೋ,
ಕೂಲಿಯ ಮಾತಿಗೆ ಜಗಳ ಹತ್ತಿತೋ.
ವಿವರಣೆಯ ಚೌಕದಲ್ಲಿ ಬರೆದೆ:
ಕೆಲಸ ಬಲ್ಲವನು. ದಣಿದಿದ್ದ.
ಬೆಥ್ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು
ಸಾಕ್ಷ್ಯ ಏನು, ಅಂದಳು.
ಸರಿಯಾಗಿಯೇ ಕೇಳಿದಳು.
ಎರಡನೆಯ ವಾಕ್ಯ ಅಳಿಸಿದೆ.

ಇವತ್ತು ಊಟದ ಬಿಡುವಿನಲ್ಲಿ ಆಯಿಯ ಫೋನು.
ಎಷ್ಟ್ ಆಳ ಆತವಾ?
ಒಂದು ಮೀಟರ್ ಇಪ್ಪತ್ತು.
ಎಷ್ಟ್ ಮಂದಿ?
ಹದಿನಾಲ್ಕು.
ಎಷ್ಟ್ ದಿನಾ?
ನಾಲ್ಕು ವಾರ.
ಆ ಕಡೆ ಬಹಳ ಹೊತ್ತು ನಗು, ಕೆಮ್ಮು, ಮತ್ತೆ ನಗು.
ಆಮೇಲೆ, ಕೆಲಸದ ದನಿಯಲ್ಲಿ:
ನೀರು ಬಂತೇನು?

ಟಾರ್ಪಾಲಿನ ಮೇಲೆ ಮೊದಲ ಹನಿಗಳು.
ಬರಾಕ್ಹತ್ತೈತಿ ಆಯಿ, ಮ್ಯಾಲಿಂದ,
ಅಂದವಳೇ ಫೋನಿಟ್ಟು
ಪ್ಲಾಸ್ಟಿಕ್ ಹಾಳೆ ಎಳೆದುಕೊಂಡು ಓಡಿದೆ
ಆ ಗೋಡೆಗೆ ಹೊದಿಸಲು.